ಬಾಡಿಗೆಯ ಮನೆಬಂಡಿಯಲ್ಲಿ ಏನುಗು ಮಲ್ಲಮ್ಮನ ಬೆಟ್ಟಕ್ಕೆ

ಮನೆಯನ್ನು ಬಿಟ್ಟು ಪ್ರವಾಸ ಹೋಗುವುದು ಲೋಕರೂಢಿ. ಮನೆಯನ್ನೇ ಜೊತೆಗೆ ಕರೆದುಕೊಂಡು ಹೋಗುವ ಪದ್ಧತಿಯೂ ಈಚೆಗೆ ನಮ್ಮಲ್ಲಿ ಬಂದಿದೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಇಷ್ಟನ್ನೂ ಒಡಲಲ್ಲಿಟ್ಟುಕೊಂಡು ಓಡುವ ಮೋಟಾರು ಬಂಡಿಗೆ ಕ್ಯಾರವಾನ್ ಎಂದು ಹೆಸರು. ಅಮೆರಿಕದ ಸಂಸಾರಗಳು ಇಂಥ ಬಂಡಿಗಳಲ್ಲಿ ಯೆಲ್ಲೋಸ್ಟೋನ್ ಮೊದಲಾದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ ಬರುವುದು ಹಳೆಯ ಮಾತು. ಕೇರಳ ಸರ್ಕಾರ ೨೦೨೧ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಈಗ ಇವು ದಿನದ ಲೆಕ್ಕಕ್ಕೆ ಬಾಡಿಗೆಗೆ ದೊರೆಯುತ್ತವೆ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ವೈಭೋಗವೇಕೆ ಎಂದು ಓದುಗರು ಕೇಳಬಹುದು. ಕಾರಣಗಳು ಎರಡು. ನನ್ನ ತಂದೆಯವರಿಗೆ ಎಪ್ಪತ್ತೆಂಟು ವರ್ಷ. ಮೊಣಕಾಲಿನ ನೋವಿನಿಂದ ಅವರು ಗಂಟೆಗೊಮ್ಮೆ ಕಾಲು ಚಾಚಿ ಮಲಗಲೇಬೇಕು. ಎರಡನೆಯದಾಗಿ, ನಾವು ಹೋಗಬೇಕೆಂದಿದ್ದ ರಾಯಲ್ಪಾಡಿನಲ್ಲಿ ಇಳಿದುಕೊಳ್ಳಲು ನಮಗೆ ಮನೆಯಿರಲಿಲ್ಲ. ರಾಯಲ್ಪಾಡು ನಮ್ಮ ಸ್ವಂತ ಊರು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಈ ಹೋಬಳಿಯ ಊರು ಆಂಧ್ರದ ಗಡಿಗೆ ತೀರ ಹತ್ತಿರದಲ್ಲಿದೆ. ಮಾವಿನ ತೋಪುಗಳ ನಡುವೆ ಬರುವ ರಸ್ತೆ ಊರನ್ನು ಹಾದು ಮದನಪಲ್ಲಿಯ ಕಡೆಗೆ ಹೋಗುತ್ತದೆ. ಇಲ್ಲಿ ಶಾಲೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು. ನಮ್ಮ ಮನೆಯ ಮಾತೂ ತೆಲುಗೇ. ತಂದೆಯನ್ನು ನಾನು ಕರೆಯುವುದು ‘ನಾಯನ’ ಎಂದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ ಎಂದು ತರಗತಿಯಲ್ಲಿ ಅಭಿಮಾನದಿಂದ ಹೇಳುವ ನಾನು, ನನ್ನ ಮನೆಮಾತಿನ ಪ್ರಸ್ತಾಪ ಬಂದಾಗ ಮೌನವಾಗಿದ್ದದ್ದೂ ಉಂಟು.

ಬಾಲ್ಯದಲ್ಲಿ, ಆಕಾಶ ತಿಳಿಯಾಗಿದ್ದ ದಿನಗಳಲ್ಲಿ, ಊರಾಚೆಯ ದಿಣ್ಣೆ ಹತ್ತಿದರೆ ದೂರದಲ್ಲಿ ಬೆಟ್ಟವೊಂದು ನೀಲಿಯಾಗಿ ಕಾಣುತ್ತಿತ್ತು. “ಅದೇ ಹಾರ್ಸ್‌ಲಿ ಕೊಂಡ. ಬಿಸಿಲಿಗೆ ಹೆದರಿ ದೊರೆಗಳು ಅಲ್ಲಿಗೆ ಹೋಗುತ್ತಿದ್ದರು” ಎನ್ನುತ್ತಿದ್ದರು ನಾಯನ. ಟೊಮೇಟೊ ಹೇರಿಕೊಂಡು ಮದನಪಲ್ಲಿಯ ಮಾರುಕಟ್ಟೆಗೆ ಮೂವತ್ತು ವರ್ಷ ಓಡಾಡಿದವರು ಒಮ್ಮೆಯೂ ಆ ಬೆಟ್ಟವನ್ನು ಹತ್ತಲಿಲ್ಲ. ನಾವೂ ಹೋಗೋಣವೆಂದರೆ, “ಅಲ್ಲಿ ನಮಗೇನು ಕೆಲಸ?” ಎನ್ನುವರು. ಆ ಪ್ರಶ್ನೆಗೆ ಹುಡುಗನಾದ ನನ್ನಲ್ಲಿ ಉತ್ತರವಿರಲಿಲ್ಲ.

೨೦೦೨ರಲ್ಲಿ ನಾನು ಎಂ.ಎ. ಓದಲು ಬೆಂಗಳೂರಿಗೆ ಸೇರಿದ ವರ್ಷ ನಾಯನ ಊರಿನ ಮನೆಯನ್ನು ಮಾರಿದರು. ಗೋಡೆ ಕುಸಿಯುತ್ತಿದೆ, ರಿಪೇರಿಗೆ ಹಾಕುವ ಹಣ ದಂಡ ಎಂದು ಕಾರಣ ಹೇಳಿದರು. ಆ ಕಾರಣವನ್ನು ನಂಬಿದವನಂತೆ ನಾನು ನಟಿಸಿದೆ. ನಂಬದಿದ್ದರೆ ಓದನ್ನು ಬಿಡಬೇಕಾಗುತ್ತಿತ್ತು. ಈ ವಿಷಯವನ್ನು ಅನಂತರ ನಾವಿಬ್ಬರೂ ಎತ್ತಲಿಲ್ಲ.

ಈ ಸಲದ ಬೇಸಿಗೆಯ ರಜೆಯಲ್ಲಿ ನಾಯನ, ನನ್ನ ಹೆಂಡತಿ, ನಾನು, ಚಾಲಕ, ಹೀಗೆ ನಾಲ್ವರು ಹೊರಟೆವು. ಬಂಡಿಯ ಒಳಗನ್ನೆಲ್ಲ ಮುಟ್ಟಿ ನೋಡಿ ನಾಯನ, “ಇದು ಕಮಾನು ಗಾಡಿಯೇ ಕಣಪ್ಪ, ಎತ್ತು ಇಲ್ಲ ಅಷ್ಟೆ” ಎಂದರು. ಆ ಮಾತು ಸುಳ್ಳಲ್ಲ. ಅವರ ಬಾಲ್ಯದಲ್ಲಿ ಕೈವಾರಕ್ಕೆ ಗಾಡಿ ಕಟ್ಟಿದರೆ ಅಕ್ಕಿ, ಸೌದೆ, ಪಾತ್ರೆ, ಕಂಬಳಿಗಳೆಲ್ಲ ಗಾಡಿಯಲ್ಲಿಯೇ. ಹಾದಿಯ ಬಾವಿಯ ಬಳಿ ಅಡುಗೆ, ರಾತ್ರಿ ಗಾಡಿಯ ಕೆಳಗೆ ನಿದ್ರೆ. ದಾರಿಯುದ್ದಕ್ಕೂ ಕೈವಾರದ ತಾತಯ್ಯನವರ ಪದಗಳು. ಎರಡು ನೂರು ವರ್ಷಗಳ ಹಿಂದೆಯೇ ಆ ತಾತಯ್ಯ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಯಾವುದು ತಮ್ಮ ನುಡಿಯೆಂದು ಅವರನ್ನು ಯಾರೂ ಕೇಳಿದಂತಿಲ್ಲ.

ಸಂಜೆ ರಾಯಲ್ಪಾಡಿನ ಹುಣಸೆಮರದ ಕೆಳಗೆ ಬಂಡಿ ನಿಂತಿತು. ಮಕ್ಕಳು ಮುತ್ತಿಕೊಂಡರು. ಮುದುಕಿಯೊಬ್ಬಳು ಒಳಗೆ ಇಣುಕಿ, “ಬೆಂಗಳೂರಲ್ಲಿ ಇರೋ ಮನೆ ಸಾಲದೆ ಇದನ್ನೂ ಎಳಕೊಂಡು ಬಂದೆಯಾ ನಾಯನಾ?” ಎಂದು ನನ್ನನ್ನು ಕೇಳಿದಳು. ನಗು ಅಡಗುವ ಮೊದಲೇ ನಮ್ಮ ಮನೆಯನ್ನು ಕೊಂಡವರ ಮಗ ಬಂದ. ಅವನ ತಂದೆ ತೀರಿಕೊಂಡು ಕೆಲವು ವರ್ಷಗಳಾಗಿವೆ. “ಪೆದ್ದನಾಯನಾ, ಮನೆ ಇರುವಾಗ ಬಂಡಿಯಲ್ಲಿ ಮಲಗೋದುಂಟಾ? ಏಳಿ” ಎಂದು ಕೈಹಿಡಿದ.

ನಾವೂ ಹಿಂದೆಯೇ ಹೋದೆವು. ನೆಲಕ್ಕೆ ಹೊಸ ಕಲ್ಲು ಹಾಸಿದ್ದರು. ಮಿಕ್ಕದ್ದು ಹಾಗೆಯೇ ಇತ್ತು. ಇಪ್ಪತ್ತು ವರ್ಷಗಳ ಹಿಂದೆ ಕುಸಿಯುತ್ತಿದ್ದ ಗೋಡೆ ಒಂದು ಬಿರುಕೂ ಇಲ್ಲದೆ ನಿಂತಿತ್ತು. ನಾನು ಅದನ್ನು ನೋಡುತ್ತಿರುವುದನ್ನು ನಾಯನ ನೋಡಿದರು. ಇಬ್ಬರೂ ಮಾತಾಡಲಿಲ್ಲ. ಅಂದು ರಾತ್ರಿ ಅವರು ಆ ಮನೆಯ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಮಲಗಿದರು. ಅವರಿಗೆಂದೇ ಬಾಡಿಗೆ ತೆತ್ತು ತಂದಿದ್ದ ಮೆತ್ತನೆಯ ಹಾಸಿಗೆ ಬಂಡಿಯಲ್ಲಿ ಬರಿದಾಗಿತ್ತು. ಅದರ ಪಕ್ಕದಲ್ಲಿ ಮಲಗಿದ ನನಗೆ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ.

ಮರುದಿನ ಗಡಿ ದಾಟಿ ಮದನಪಲ್ಲಿ ಸೇರಿದೆವು. ಇದು ಬರಿಯ ಟೊಮೇಟೊ ಪೇಟೆಯಲ್ಲ. ಜಿಡ್ಡು ಕೃಷ್ಣಮೂರ್ತಿಯವರು ೧೮೯೫ರಲ್ಲಿ ಹುಟ್ಟಿದ ಊರು. ಆನಿ ಬೆಸೆಂಟರ ಪ್ರಯತ್ನದಿಂದ ೧೯೧೫ರಲ್ಲಿ ಆರಂಭವಾದ ಇಲ್ಲಿಯ ಥಿಯಾಸಾಫಿಕಲ್ ಕಾಲೇಜಿಗೆ ೧೯೧೯ರಲ್ಲಿ ರವೀಂದ್ರನಾಥ ಠಾಕೂರರು ಬಂದು ಉಳಿದಿದ್ದರು. ‘ಜನ ಗಣ ಮನ’ವನ್ನು ಅವರು ಇಂಗ್ಲಿಷಿಗೆ ತಂದದ್ದು ಇಲ್ಲಿಯೇ, ಅದಕ್ಕೆ ಸ್ವರಲಿಪಿ ಸಿದ್ಧವಾಗುವಲ್ಲಿ ನೆರವಾದವರು ಪ್ರಾಂಶುಪಾಲರಾಗಿದ್ದ ಜೇಮ್ಸ್ ಕಸಿನ್ಸರ ಪತ್ನಿ ಮಾರ್ಗರೆಟ್. ಬಂಗಾಳದ ಹಾಡೊಂದು ತೆಲುಗು ನಾಡಿನಲ್ಲಿ ಕುಳಿತು ಇಂಗ್ಲಿಷಿಗೆ ತಿರುಗಿದ ಕಥೆಯನ್ನು ನಾಯನರಿಗೆ ಹೇಳಿದೆ. “ಮೂವತ್ತು ವರ್ಷ ಈ ಕಾಲೇಜಿನ ಊರಿಗೆ ಬಂದು ಹೋದೆ. ನನಗೆ ಟೊಮೇಟೊ ರೇಟು ಬಿಟ್ಟರೆ ಬೇರೇನೂ ಯಾರೂ ಹೇಳಲಿಲ್ಲ” ಎಂದರು.

ಮದನಪಲ್ಲಿಯಿಂದ ಬೆಟ್ಟಕ್ಕೆ ಸುಮಾರು ೩೦ ಕಿಲೋಮೀಟರು. ಅದರ ಎತ್ತರ ಸಮುದ್ರಮಟ್ಟದಿಂದ ೪,೧೦೦ ಅಡಿಗಳಿಗೂ ಮಿಕ್ಕದ್ದು. ಮೂಲ ಹೆಸರು ಏನುಗು ಮಲ್ಲಮ್ಮ ಕೊಂಡ. ತೆಲುಗಿನಲ್ಲಿ ಏನುಗು ಎಂದರೆ ಆನೆ. ಆನೆಗಳು ಸಾಕಿದ ಮಲ್ಲಮ್ಮನೆಂಬ ಹುಡುಗಿ ಬೆಟ್ಟದ ಜನರ ರೋಗಗಳನ್ನು ಗುಣಪಡಿಸುತ್ತಿದ್ದು, ಒಂದು ದಿನ ಕಾಣೆಯಾದಳೆಂದು ಐತಿಹ್ಯ. ಮೇಲೆ ಅವಳ ಗುಡಿಯಿದೆ. ಚಿತ್ತೂರು ಜಿಲ್ಲೆ ಹುಟ್ಟಿದ್ದು ೧೯೧೧ರಲ್ಲಿ. ಅದಕ್ಕೆ ಹಿಂದೆ ಈ ಸೀಮೆ ಕಡಪ ಜಿಲ್ಲೆಗೆ ಸೇರಿತ್ತು. ಕಡಪದ ಕಲೆಕ್ಟರನಾಗಿದ್ದ ಡಬ್ಲ್ಯು. ಡಿ. ಹಾರ್ಸ್‌ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಬೇಸಿಗೆಯ ಮನೆಯೊಂದನ್ನು ಕಟ್ಟಿಸಿದ. ಬೆಟ್ಟಕ್ಕೆ ಅವನ ಹೆಸರು ಅಂಟಿತು. ಒಂದು ಮನೆ ಕಟ್ಟಿಸಿದವನ ಹೆಸರು ಇಡೀ ಬೆಟ್ಟಕ್ಕೆ ಬಂತು. ಮನೆ ಮಾರಿದವರ ಹೆಸರನ್ನು ಯಾವ ಬೆಟ್ಟಕ್ಕೂ ಇಡುವುದಿಲ್ಲ ಎಂದು ನನಗೆ ಆಗ ತೋರಿತು.

ಘಾಟಿಯ ತಿರುವುಗಳಲ್ಲಿ ನಮ್ಮ ಉದ್ದನೆಯ ಬಂಡಿ ಏದುಸಿರು ಬಿಡುತ್ತ ಹತ್ತಿತು. ಒಳಗೆ ಪಾತ್ರೆಗಳು ಒಂದರ ಮೇಲೊಂದು ಬಿದ್ದವು. ಎದುರಿಗೆ ಬಸ್ಸು ಬಂದಾಗಲೆಲ್ಲ ನನ್ನ ಹೆಂಡತಿ ಕಣ್ಣು ಮುಚ್ಚಿದಳು. ಇಂಥ ಬಂಡಿಯಲ್ಲಿ ಹೋಗುವವರು ಸಾಮಾನುಗಳನ್ನು ಬಿಗಿದು ಕಟ್ಟಿ, ಹಗಲಿನಲ್ಲಿಯೇ ಹತ್ತುವುದು ಕ್ಷೇಮ. ಮೇಲಿನದು ಪುಟ್ಟ ಊರು. ಕೆಲವು ವಸತಿಗೃಹಗಳು, ಅರಣ್ಯ ಇಲಾಖೆಯ ಕಟ್ಟಡಗಳು, ಜಿಂಕೆ ಮೊಸಳೆಗಳನ್ನಿಟ್ಟ ಚಿಕ್ಕ ಮೃಗಾಲಯ, ಪರಿಸರ ಉದ್ಯಾನ. ಸುತ್ತಲೂ ನೀಲಗಿರಿ, ಶ್ರೀಗಂಧ, ಸಂಪಿಗೆ. ೧೮೫೯ರಲ್ಲಿ ನೆಟ್ಟದ್ದೆಂದು ಹೇಳುವ ‘ಕಲ್ಯಾಣಿ’ ಎಂಬ ನೀಲಗಿರಿ ಮರಕ್ಕೆ ೧೯೯೫ರಲ್ಲಿ ಕೇಂದ್ರ ಸರ್ಕಾರದಿಂದ ಮಹಾವೃಕ್ಷವೆಂಬ ಗೌರವ ದೊರೆಯಿತು. ಉದ್ಯಾನದಲ್ಲಿ ಒಂದಷ್ಟು ಹೆಜ್ಜೆ, ಬಂಡಿಯ ಹಾಸಿಗೆಯಲ್ಲಿ ಒಂದಷ್ಟು ವಿಶ್ರಾಂತಿ, ಮತ್ತೆ ಒಂದಷ್ಟು ಹೆಜ್ಜೆ. ಹೀಗೆ ನಾಯನ ಎಲ್ಲವನ್ನೂ ನೋಡಿದರು. ಕೊಟ್ಟ ಬಾಡಿಗೆ ಇಲ್ಲಿ ಸಾರ್ಥಕವಾಯಿತು.

ಸಂಜೆ ಗಾಳಿಬಂಡಕ್ಕೆ ಹೋದೆವು. ಕಣಿವೆಗೆ ಇಳಿಯುವ ಬಂಡೆಯ ಹಾಸು ಅದು. ಹೆಸರಿಗೆ ತಕ್ಕಂತೆ ಗಾಳಿ ಬಿಡದೆ ಬೀಸುತ್ತದೆ. ನಾಯನ ಗೋಡೆಯಂಚಿಗೆ ಕುಳಿತು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, “ನಮ್ಮೂರು ಎಲ್ಲಿ?” ಎಂದರು. ಕೆಳಗೆ ಕೆರೆಗಳು, ಹೊಲಗಳು, ತೋಪುಗಳು ಒಂದೇ ಸಮನೆ ಹರಡಿದ್ದವು. ಎಲ್ಲಿ ಆಂಧ್ರ ಮುಗಿಯಿತು, ಎಲ್ಲಿ ಕರ್ನಾಟಕ ಮೊದಲಾಯಿತು ಎಂಬ ಗುರುತು ಯಾವುದೂ ಇರಲಿಲ್ಲ. ನಾನು ಅಂದಾಜಿನ ಮೇಲೆ ಒಂದು ಕಡೆಗೆ ಕೈತೋರಿದೆ. ಅವರು ಬಹಳ ಹೊತ್ತು ಅತ್ತಲೇ ನೋಡಿದರು.

“ಮನೆ ಗಟ್ಟಿಯಾಗೇ ಇದೆ. ನೋಡಿದೆಯಲ್ಲ?”

“ನೋಡಿದೆ ನಾಯನಾ.”

“ಆಗಲೂ ಗಟ್ಟಿಯಾಗೇ ಇತ್ತು.”

“ಗೊತ್ತಿತ್ತು ನಾಯನಾ. ಆಗಲೇ ಗೊತ್ತಿತ್ತು.”

ಅವರು ನನ್ನ ಕಡೆ ತಿರುಗಲಿಲ್ಲ. “ಗೊತ್ತಿರಲಿ ಬಿಡು. ಓದಿದೆಯಲ್ಲ, ಸಾಕು” ಎಂದು, ಏಳಲು ನನ್ನ ಭುಜದ ಮೇಲೆ ಕೈಯಿಟ್ಟರು.

ಹಿಂದಿರುಗುವಾಗ ರಾಯಲ್ಪಾಡಿನಲ್ಲಿ ಮತ್ತೊಮ್ಮೆ ಬಂಡಿ ನಿಲ್ಲಿಸಿದೆವು. ಮನೆಯ ಹುಡುಗ ಹಿತ್ತಲ ಮರದ ರಸಪುರಿ ಹಣ್ಣುಗಳನ್ನು ಚೀಲದ ತುಂಬ ತಂದುಕೊಟ್ಟ. ಆ ಮರವನ್ನು ನೆಟ್ಟವರು ಯಾರೆಂದು ಅವನಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿ ಬಂಡಿಯನ್ನು ಒಪ್ಪಿಸುವಾಗ ಒಳಗೆಲ್ಲ ಮಾವಿನ ವಾಸನೆ ತುಂಬಿತ್ತು. ಈ ವರ್ಷ ಕಾಲೇಜು ತೆರೆದ ಮೊದಲ ದಿನ, ಮಾಸ್ತಿ ಬೇಂದ್ರೆಯವರ ಮನೆಮಾತುಗಳ ಜೊತೆಗೆ ನನ್ನದನ್ನೂ ವಿದ್ಯಾರ್ಥಿಗಳಿಗೆ ಹೇಳಿದೆ.