ಪ್ರೌಢಶಾಲೆಯಲ್ಲಿ ಕಾಲೇಜಿನ ಭೂವಿಜ್ಞಾನ

ಚಿಂಚೋಳಿ ತಾಲ್ಲೂಕಿನ ಐನಾಪುರದಿಂದ ದಕ್ಷಿಣಕ್ಕೆ, ಸೇಡಂ, ವಾಡಿ, ಶಹಾಬಾದುಗಳತ್ತ ಪಯಣಿಸುವ ವಿದ್ಯಾರ್ಥಿಯು ಒಂದೇ ದಿನದಲ್ಲಿ ಭೂಚರಿತ್ರೆಯ ಎರಡು ಯುಗಗಳನ್ನು ದಾಟುವನು. ಉತ್ತರದ ಎರೆನೆಲದ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹೆಪ್ಪುಗಟ್ಟಿದ ಲಾವಾ. ದಕ್ಷಿಣದಲ್ಲಿರುವುದು 50 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಪದರಪದರವಾಗಿ ನೆಲೆಗೊಂಡ ಸುಣ್ಣಕಲ್ಲು. ಮನೆಮನೆಯ ಶಾಬಾದಿ ಫರಸಿ ಇದೇ. ವಾಡಿ, ಸೇಡಂಗಳ ಸಿಮೆಂಟಿಗೆ ಮೂಲವಸ್ತುವೂ ಇದೇ.

ಈ ನೆಲವನ್ನು ಅರಿಯಬೇಕಾದ ಅಗತ್ಯವು ಕೇವಲ ಕುತೂಹಲದ್ದಲ್ಲ. 2021ರ ಅಕ್ಟೋಬರಿನಲ್ಲಿ ಇದೇ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲವು ಸದ್ದಿನೊಡನೆ ಮತ್ತೆ ಮತ್ತೆ ನಡುಗಿತು. ಅತಿ ದೊಡ್ಡ ಕಂಪನದ ಪ್ರಮಾಣ ಸುಮಾರು 4. ಜನರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ರಾತ್ರಿ ಕಳೆದರು. ಮಳೆಯ ನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಅಲ್ಲಿನ ಒತ್ತಡವನ್ನು ಬದಲಿಸುವುದೇ ಕಾರಣವೆಂದು ತಜ್ಞರು ವಿವರಿಸಿದರು. ಆ ವಿವರಣೆಯನ್ನು ಮನೆಯವರಿಗೆ ತಿಳಿಹೇಳಬಲ್ಲ ವಿದ್ಯಾರ್ಥಿಯೊಬ್ಬನು ಪ್ರತಿ ಊರಿನಲ್ಲೂ ಇರಬೇಡವೇ?

ಕರ್ನಾಟಕದ ಪದವಿಪೂರ್ವ ತರಗತಿಗಳಲ್ಲಿ ಭೂಗರ್ಭಶಾಸ್ತ್ರವು ಐಚ್ಛಿಕ ವಿಷಯವಾಗಿದೆಯಾದರೂ ಅದನ್ನು ಬೋಧಿಸುವ ಕಾಲೇಜುಗಳು ವಿರಳ. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯವು 1972ರಲ್ಲಿ ಬೇರೊಂದು ದಾರಿಯನ್ನು ತೆರೆಯಿತು. ಪ್ರೌಢಶಾಲೆಯ ಉಪಾಧ್ಯಾಯರೇ ವಿಶ್ವವಿದ್ಯಾಲಯದ ಪಾಠವನ್ನು ಕಲಿಸುವರು. ತೇರ್ಗಡೆಯಾದವರಿಗೆ ಕಾಲೇಜಿನ ಕ್ರೆಡಿಟ್ ದೊರೆಯುವುದು. ಭಾರತದ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್. ಶಾಲೆಯ ಕಲಿಕೆಯೂ ಈ ಲೆಕ್ಕಕ್ಕೆ ಸೇರಬಹುದು. ಆದರೆ ಹಾಗೆ ಗಳಿಸಿದುದನ್ನು ಕಾಲೇಜು ಒಪ್ಪಬೇಕಾದರೆ ವಿಶ್ವವಿದ್ಯಾಲಯವೊಂದು ಪಾಠಕ್ಕೂ ಪರೀಕ್ಷೆಗೂ ಹೊಣೆಯಾಗಬೇಕು.

ಹೊಲವನ್ನು ಮೆಟ್ಟದೆ ಗಳಿಸಿದ ಕ್ರೆಡಿಟ್ಟಿಗೆ ನಾವು ಬೆಲೆ ಕೊಡೆವು. ಪ್ರಯೋಗಶಾಲೆಯ ಕೊರತೆಯ ಮಾತೂ ಅಷ್ಟೇನೂ ದೊಡ್ಡದಲ್ಲ. ಸುಣ್ಣಕಲ್ಲನ್ನು ಪುಡಿಮಾಡಿ ನಿಂಬೆರಸ ಹಿಂಡಿದರೆ ಗುಳ್ಳೆಗಳೇಳುವುವು. ಲಾವಾ ಶಿಲೆಯ ಹೊಸ ಚೂರಿನ ಪುಡಿಯಲ್ಲಿ ಏಳವು. ಇಷ್ಟನ್ನು ಕಲಿತವನು ಎರೆಹೊಲದ ಮಣ್ಣಿನಿಂದ ಬಿಳಿಯ ಗಂಟೊಂದನ್ನು ಹೆಕ್ಕಿ ಪರೀಕ್ಷಿಸಲಿ, ಅದೂ ನೊರೆಯುವುದು! ಲಾವಾದಿಂದಾದ ಮಣ್ಣಿನಲ್ಲಿ ಸುಣ್ಣವೆಲ್ಲಿಂದ ಬಂದಿತು? ಆ ಶಿಲೆಯ ಖನಿಜಗಳಲ್ಲಿಯೇ ಕ್ಯಾಲ್ಸಿಯಂ ಇದೆ. ಶಿಲೆಯು ಶಿಥಿಲವಾದಾಗ ಅದು ನೀರಿನಲ್ಲಿ ಕರಗಿ, ಬೇಸಗೆಯಲ್ಲಿ ತೇವ ಆರಿದಂತೆ ಇಂಗಾಲಾಮ್ಲದೊಡನೆ ಕೂಡಿ, ಮಣ್ಣಿನೊಳಗೆ ಗಂಟುಗಟ್ಟುವುದು. ಉತ್ತರ ಹೇಳುವ ಮುನ್ನ ಉಪಾಧ್ಯಾಯರು ಹುಡುಗರನ್ನು ಒಂದು ವಾರವಾದರೂ ತಡಕಾಡಲು ಬಿಡಲಿ.