ಸುಟ್ಟ ಎಣ್ಣೆಯ ವಾಸನೆ: ಹಳೆಯ ಕಾರಿನಲ್ಲೊಂದು ಶೋಧ

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯ ರಸ್ತೆಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ನಮ್ಮ ಬಂಧುಗಳೊಬ್ಬರ ಹಳೆಯ ಅಂಬಾಸಡರ್ ಕಾರು ಆ ತಿರುವುಗಳನ್ನೆಲ್ಲ ಹತ್ತಿ ಮೇಲೆ ಬಂದು ನಿಂತಾಗಲೆಲ್ಲ, ಒಳಗೆ ಕುಳಿತವರ ಮೂಗಿಗೆ ಸುಟ್ಟ ಎಣ್ಣೆಯ ಕಮಟು ವಾಸನೆ ಬಡಿಯುತ್ತಿದ್ದಿತು. ಓಡುತ್ತಿರುವಾಗ ಇಲ್ಲದ ವಾಸನೆ ನಿಂತೊಡನೆ ಬರುವುದು. ಅರ್ಧ ಗಂಟೆಯಲ್ಲಿ ಮಾಯವಾಗುವುದು. ಘಟ್ಟದ ಮೇಲಿನ ಆ ಮನೆಯ ಹಿರಿಯರೊಬ್ಬರು ತಿಂಗಳಿಗೊಮ್ಮೆ ಉಡುಪಿಯ ಕಡೆಗೆ ಇಳಿದು ವೈದ್ಯರನ್ನು ಕಂಡು ಬರಬೇಕಾಗಿದ್ದಿತು. ಅದಕ್ಕೆ ಆ ಕಾರೊಂದೇ ಆಧಾರ. ಕಾರ್ಯಾಗಾರವೊಂದರಲ್ಲಿ ಯಂತ್ರದ ಮೇಲಿನ ಮುಚ್ಚಳದ ಬೆಂಡಿನ ಪಟ್ಟಿಯನ್ನು ಎರಡು ಸಲ ಬದಲಾಯಿಸಿದರು. ಪ್ರತಿಸಲವೂ ತಿಂಗಳು ಕಳೆಯುವುದರೊಳಗೆ ವಾಸನೆ ಮರಳಿತು. ಕೊನೆಗೆ, "ಪಿಸ್ಟನ್ನಿನ ಉಂಗುರಗಳು ಸವೆದಿವೆ, ಯಂತ್ರವನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕು" ಎಂಬ ತೀರ್ಪು ಬಂದಿತು. ಅದಕ್ಕೆ ತಗಲುವ ಹಣ ಕಾರಿನ ಬೆಲೆಗೇ ಸರಿಸಮನಾಗಿದ್ದಿತು.

ಆ ತೀರ್ಪು ಸರಿಯಾಗಿದ್ದಿತೇ? ಇದನ್ನು ನಿರ್ಧರಿಸಲು ಮೊದಲು ಎಣ್ಣೆ ಏಕೆ ವಾಸನೆ ಬೀರುತ್ತದೆ, ಎಲ್ಲಿ ಸುಡುತ್ತದೆ ಎಂಬುದನ್ನು ತಿಳಿಯಬೇಕು.

ಎಣ್ಣೆ ಸುಡುವುದೆಂದರೇನು?

ಕಾರಿನ ಯಂತ್ರದ ತಳದ ತೊಟ್ಟಿಯಲ್ಲಿ ಸುಮಾರು ನಾಲ್ಕು ಲೀಟರುಗಳಷ್ಟು ಎಣ್ಣೆ ಇರುತ್ತದೆ. ಪಂಪು ಅದನ್ನು ಮೇಲೆತ್ತಿ ತಿರುಗುವ, ಜಾರುವ ಭಾಗಗಳಿಗೆಲ್ಲ ಒದಗಿಸುತ್ತದೆ. ಯಂತ್ರ ಚೆನ್ನಾಗಿ ಬಿಸಿಯಾದಾಗ ಈ ಎಣ್ಣೆಯ ಉಷ್ಣತೆ ಸಾಮಾನ್ಯವಾಗಿ 90ರಿಂದ 120 ಡಿಗ್ರಿ ಸೆಂಟಿಗ್ರೇಡ್ ಇರುವುದು. ಅಷ್ಟು ಬಿಸಿಗೆ ಅದು ಹೊಗೆಯಾಡುವುದಿಲ್ಲ. ಆದರೆ ಯಂತ್ರದ ಪಕ್ಕದಲ್ಲಿಯೇ ಉರಿದ ಅನಿಲಗಳನ್ನು ಹೊರಗೊಯ್ಯುವ ಎರಕದ ಕಬ್ಬಿಣದ ನಿಷ್ಕಾಸ ನಳಿಗೆಯಿದೆ. ಏರುದಾರಿಯಲ್ಲಿ ಅದರ ಮೈ 400 ಡಿಗ್ರಿಗೂ ಮೀರಿ ಕಾಯಬಲ್ಲುದು. ಎಣ್ಣೆಯ ಆವಿಯು ಕಿಡಿಯೊಂದಕ್ಕೆ ಹೊತ್ತಿಕೊಳ್ಳಲು ಬೇಕಾದ ಉಷ್ಣತೆ ಸುಮಾರು 200ರಿಂದ 230 ಡಿಗ್ರಿ ಮಾತ್ರ. ಆದುದರಿಂದ ಒಂದು ಹನಿ ಎಣ್ಣೆ ಆ ನಳಿಗೆಯ ಮೇಲೆ ಬಿದ್ದರೆ ಅದರ ಉದ್ದನೆಯ ಹೈಡ್ರೋಕಾರ್ಬನ್ ಅಣುಗಳು ಒಡೆದು, ಗಾಳಿಯ ಆಮ್ಲಜನಕದೊಡನೆ ಅರೆಬರೆಯಾಗಿ ಕೂಡಿ, ಆಲ್ಡಿಹೈಡುಗಳೇ ಮೊದಲಾದ ಕಟುವಾಸನೆಯ ಪದಾರ್ಥಗಳಾಗುತ್ತವೆ. ಸವಕಳಿಯನ್ನು ತಡೆಯಲೆಂದು ಎಣ್ಣೆಗೆ ಬೆರೆಸಿದ ಗಂಧಕ, ರಂಜಕ, ಸತುಗಳ ಸಂಯುಕ್ತಗಳೂ ಒಡೆದು ಆ ವಾಸನೆಗೆ ತಮ್ಮ ಪಾಲನ್ನು ಸೇರಿಸುತ್ತವೆ.

ಇಂತಹ ಪದಾರ್ಥಗಳನ್ನು ಮನುಷ್ಯನ ಮೂಗು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲುದು. ಆದರೆ ಅದಕ್ಕೊಂದು ದೋಷವಿದೆ: ಒಂದೇ ವಾಸನೆಗೆ ಅದು ಬೇಗ ಒಗ್ಗಿಹೋಗುತ್ತದೆ. ದಿನವೂ ಕಾರು ನಡೆಸುವವನಿಗೆ ತಿಳಿಯದ ವಾಸನೆ, ಅಪರೂಪಕ್ಕೆ ಹತ್ತಿದ ಅತಿಥಿಗೆ ತಿಳಿಯುವುದು. ಆದುದರಿಂದ ಶೋಧನೆಗೆ ಹೊಸ ಮೂಗೊಂದನ್ನು ಕರೆದುಕೊಳ್ಳುವುದು ಮೇಲು.

ವಾಸನೆಗಳಲ್ಲಿ ಭೇದ

ಕಾರಿನಲ್ಲಿ ಬರುವ ಸುಟ್ಟ ವಾಸನೆಗಳೆಲ್ಲವೂ ಎಣ್ಣೆಯದಲ್ಲ. ಗೇರುಪೆಟ್ಟಿಗೆ ಮತ್ತು ಹಿಂದಿನ ಅಚ್ಚಿನ ಎಣ್ಣೆಯಲ್ಲಿ ಗಂಧಕ ಹೆಚ್ಚಾಗಿರುವುದರಿಂದ ಅದು ಸುಟ್ಟಾಗ ಕೊಳೆತ ಮೊಟ್ಟೆಯ ನೆನಪಾಗುತ್ತದೆ. ತಂಪುನೀರಿಗೆ ಬೆರೆಸುವ ಗ್ಲೈಕಾಲ್ ಸೋರಿದರೆ ಸಿಹಿಯಾದ ವಾಸನೆ ಬರುವುದು. ಘಾಟಿ ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿದರೆ ಅದರ ಒಳಪಟ್ಟಿಗಳ ಅಂಟು ಬೆಂದು ಮೂಗಿಗೆ ಚುಚ್ಚುವ ವಾಸನೆ ಹೊರಡುವುದು; ಇದು ಚಕ್ರಗಳ ಬಳಿ ಹೆಚ್ಚು. ವಿದ್ಯುತ್ ತಂತಿಯ ಹೊದಿಕೆ ಸುಟ್ಟರೆ ಪ್ಲಾಸ್ಟಿಕ್ಕಿನ ವಾಸನೆ. ಹಸಿ ಪೆಟ್ರೋಲಿನ ವಾಸನೆ ಬಂದರಂತೂ ಶೋಧನೆಯ ಮಾತಿಲ್ಲ. ಕಾರನ್ನು ಆ ಕ್ಷಣವೇ ನಿಲ್ಲಿಸಬೇಕು. ನಮ್ಮ ಬಂಧುಗಳ ಕಾರಿನಲ್ಲಿ ವಾಸನೆ ಇಳಿಯುವಾಗ ಬರದೆ ಹತ್ತಿದ ಮೇಲೆ ಮಾತ್ರ ಬರುತ್ತಿದ್ದುದರಿಂದ ಬ್ರೇಕಿನ ಮೇಲಿನ ಸಂಶಯ ಮೊದಲಿಗೇ ದೂರವಾಯಿತು.

ಒಳಗೋ ಹೊರಗೋ?

ಎಣ್ಣೆ ಎರಡು ಕಡೆ ಸುಡಬಹುದು: ಸಿಲಿಂಡರುಗಳ ಒಳಗೆ, ಇಲ್ಲವೆ ಯಂತ್ರದ ಹೊರಮೈಯ ಬಿಸಿಭಾಗಗಳ ಮೇಲೆ. ಮೊದಲನೆಯದು ದೊಡ್ಡ ಖರ್ಚಿನ ರೋಗ. ಎರಡನೆಯದು ಸಾಮಾನ್ಯವಾಗಿ ಅಲ್ಪವೆಚ್ಚದ್ದು. ಆದುದರಿಂದ ಇವೆರಡನ್ನು ಬೇರ್ಪಡಿಸುವುದೇ ಶೋಧನೆಯ ಮೊದಲ ಹೆಜ್ಜೆ. ಇದಕ್ಕೆ ಹಿಂಬದಿಯ ಹೊಗೆಕೊಳವೆಯೇ ಸಾಕ್ಷಿ.

ಒಳಗೆ ಎಣ್ಣೆ ಸುಟ್ಟರೆ ಹೊಗೆಗೆ ನೀಲಿಛಾಯೆ ಇರುತ್ತದೆ. ಹೊಗೆಯಲ್ಲಿನ ಎಣ್ಣೆಯ ಕಣಗಳು ಅತಿ ಸೂಕ್ಷ್ಮವಾಗಿರುವುದರಿಂದ ಅವು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುತ್ತವೆ. ಆಕಾಶ ನೀಲಿಯಾಗಿ ಕಾಣುವುದೂ ಇಂತಹುದೇ ಕಾರಣದಿಂದ. ಕಪ್ಪು ಹೊಗೆ ಪೆಟ್ರೋಲು ಮಿತಿಮೀರಿ ಉರಿಯುತ್ತಿರುವುದರ ಗುರುತು. ಬಿಳಿಯದು ಹೆಚ್ಚಾಗಿ ನೀರಾವಿಯದು.

ನೀಲಿ ಹೊಗೆ ಯಾವಾಗ ಬರುತ್ತದೆಂಬುದೂ ಮುಖ್ಯ. ಏರುವಾಗ, ಯಂತ್ರ ಶ್ರಮಿಸುವಾಗ ಎಡೆಬಿಡದೆ ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು. ವೇಗದ ತುಳಿಗೆಯಿಂದ ಕಾಲೆತ್ತಿ ಘಾಟಿ ಇಳಿಯುವಾಗ ಒಳಸೇರುವ ಗಾಳಿಯ ನಳಿಗೆಯಲ್ಲಿ ಬಲವಾದ ಹೀರಿಕೆ ಉಂಟಾಗಿ, ಸವೆದ ಕವಾಟದ ಕಾಂಡಗಳ ಸುತ್ತಲಿನಿಂದ ಎಣ್ಣೆ ಒಳಕ್ಕಿಳಿಯುತ್ತದೆ. ಮತ್ತೆ ತುಳಿದೊಡನೆ ನೀಲಿ ಹೊಗೆ ಒಮ್ಮೆಗೇ ಹೊರಚಿಮ್ಮುವುದು. ನಾವು ಇನ್ನೊಂದು ಕಾರಿನಲ್ಲಿ ಹಿಂದೆಯೇ ಹೋಗಿ ಹದಿನಾಲ್ಕು ತಿರುವುಗಳಲ್ಲಿಯೂ ಗಮನಿಸಿದೆವು. ನೀಲಿ ಹೊಗೆ ಕಾಣಲಿಲ್ಲ. ಅಷ್ಟಕ್ಕೇ ತೃಪ್ತಿಪಡದೆ ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಅಳೆಯಿಸಿದೆವು. ನಾಲ್ಕೂ ಹೆಚ್ಚುಕಡಮೆ ಒಂದೇ ಆಗಿದ್ದವು. ಉಂಗುರಗಳು ಸವೆದಿದ್ದರೆ, ಸಿಲಿಂಡರಿನೊಳಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ, ಎಣ್ಣೆಯೇ ಸಂದನ್ನು ಮುಚ್ಚುವುದರಿಂದ ಒತ್ತಡ ಎದ್ದು ಕಾಣುವಷ್ಟು ಏರಬೇಕು. ಹಾಗೆ ಏರಲಿಲ್ಲ. ಉಂಗುರಗಳ ಮೇಲಿನ ಆರೋಪ ನಿಲ್ಲಲಿಲ್ಲ.

ಸೋರಿಕೆಯ ಭೂಗೋಳ

ಇನ್ನುಳಿದುದು ಹೊರಗಿನ ಸೋರಿಕೆ. ಅಂಬಾಸಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯೊಂದನ್ನು ಆಧರಿಸಿದುದು; ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತ ಬಂದು 2014ರಲ್ಲಿ ನಿಂತಿತು. ಅದರಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲು ಯಂತ್ರದ ರಚನೆ ಎಣ್ಣೆಸೋರಿಕೆಯನ್ನು ಕಲಿಯುವವರಿಗೆ ಒಳ್ಳೆಯ ಪಾಠ. ಮೇಲ್ಗಡೆ ಕವಾಟಗಳನ್ನು ಮುಚ್ಚುವ ತಗಡಿನ ಮುಚ್ಚಳವಿದೆ. ಅದನ್ನು ಎರಡೇ ತಿರುಪುಗಳು ಹಿಡಿದಿವೆ, ಕೆಳಗೆ ಬೆಂಡಿನ ಪಟ್ಟಿಯಿದೆ. ಸೋರಿತೆಂದು ತಿರುಪನ್ನು ಬಲವಾಗಿ ಬಿಗಿದರೆ ತಗಡು ಬಾಗಿ ಸೋರಿಕೆ ಮತ್ತಷ್ಟು ಹೆಚ್ಚುವುದು. ನಿಷ್ಕಾಸ ನಳಿಗೆ ಅದೇ ಪಕ್ಕದಲ್ಲಿ ಕೆಳಗಿರುವುದರಿಂದ ಆ ಅಂಚಿನಿಂದ ಜಾರಿದ ಎಣ್ಣೆ ನೇರವಾಗಿ ಕಾದ ಕಬ್ಬಿಣವನ್ನೇ ಸೇರುತ್ತದೆ. ನಳಿಗೆಯ ಹಿಂದೆ ಮರೆಯಾಗಿ, ಯಂತ್ರದ ಪಕ್ಕದಲ್ಲಿ ಇನ್ನೆರಡು ಮುಚ್ಚಳಗಳಿವೆ. ಅವುಗಳಿಗೂ ಬೆಂಡಿನ ಪಟ್ಟಿಯೇ. ಹಿಂಭಾಗದಲ್ಲಿ, ತಿರುಗುವ ಅಚ್ಚು ಹೊರಬರುವ ಕಡೆ, ಈ ಹಳೆಯ ಯಂತ್ರದಲ್ಲಿ ರಬ್ಬರಿನ ತಡೆಯೇ ಇಲ್ಲ. ಅಚ್ಚಿನ ಮೇಲೆ ಕೊರೆದ ತಿರುಪಿನಂತಹ ಸುರುಳಿಗೆರೆಯು ತಿರುಗುತ್ತ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಯಂತ್ರ ನಿಂತಾಗ ಆ ತಳ್ಳಿಕೆಯೂ ನಿಲ್ಲುವುದರಿಂದ ಕೆಲವು ಹನಿಗಳು ನೆಲಕ್ಕೆ ಬೀಳುವುದುಂಟು.

ಹನಿ ಚಿಕ್ಕದೆಂದು ತಾತ್ಸಾರ ಮಾಡಬಾರದು. ಸುಮಾರು ಇಪ್ಪತ್ತು ಹನಿಗಳಿಗೆ ಒಂದು ಮಿಲಿಲೀಟರ್. ನೂರು ಮೀಟರಿಗೆ ಒಂದರಂತೆ ಹನಿ ಬಿದ್ದರೂ ಕಿಲೋಮೀಟರಿಗೆ ಅರ್ಧ ಮಿಲಿಲೀಟರ್. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಎಣ್ಣೆ ಹೋದಂತಾಯಿತು.

ಎಣ್ಣೆ ಕಂಡಲ್ಲಿಯೇ ಸೋರಿಕೆಯಿದೆಯೆಂದು ಭಾವಿಸುವುದು ತಪ್ಪು. ಗುರುತ್ವ ಅದನ್ನು ಕೆಳಕ್ಕೆ ಎಳೆಯುತ್ತದೆ; ಬೀಸಣಿಗೆಯ ಗಾಳಿ ಹಿಂದಕ್ಕೆ ಒಯ್ಯುತ್ತದೆ. ಆದುದರಿಂದ ಅತ್ಯಂತ ಮೇಲೆ, ಅತ್ಯಂತ ಮುಂದೆ ಒದ್ದೆಯಾದ ಜಾಗವನ್ನೇ ಮೊದಲು ಹುಡುಕಬೇಕು. ನಾವು ಯಂತ್ರ ಪೂರ್ತಿಯಾಗಿ ತಣ್ಣಗಾದ ಮೇಲೆ ಸೀಮೆಎಣ್ಣೆಯಿಂದ ಅದರ ಮೈತೊಳೆದು, ಚೆನ್ನಾಗಿ ಒಣಗಿಸಿ, ಸಂಶಯವಿದ್ದ ಕೂಡುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿದೆವು. ಹತ್ತು ನಿಮಿಷ ಕಾರನ್ನು ಓಡಿಸಿ ನಿಲ್ಲಿಸಿ, ಕೈದೀಪ ಹಿಡಿದು ನೋಡಿದೆವು. ಬಿಳಿಯ ಪುಡಿಯ ಮೇಲೆ ಕಂದುಗೆರೆಗಳು ಮೂಡಿದ್ದವು, ಒಂದಲ್ಲ, ಮೂರು ಕಡೆ: ಮೇಲಿನ ಮುಚ್ಚಳದ ಅಂಚಿನಲ್ಲಿ ಮತ್ತು ಪಕ್ಕದ ಎರಡು ಮುಚ್ಚಳಗಳಲ್ಲಿ.

ಮೂರು ಬಾಗಿಲಿಗೆ ಒಂದೇ ಕಾರಣ

ಮೂರು ಪಟ್ಟಿಗಳೂ ಒಟ್ಟಿಗೆ ಕೆಟ್ಟವೆಂದು ನಂಬುವುದು ಕಷ್ಟ. ಅದರಲ್ಲಿಯೂ ಮೇಲಿನದು ಹೊಸದು. ಹಾಗಾದರೆ ಮೂರಕ್ಕೂ ಸಮಾನವಾದ ಯಾವುದೋ ಕಾರಣವಿರಬೇಕು. ಆ ಕಾರಣ ಒಳಗಿನ ಒತ್ತಡ.

ಪಿಸ್ಟನ್ನಿನ ಉಂಗುರಗಳು ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲದ ಸ್ವಲ್ಪ ಭಾಗ ಅವುಗಳ ಸಂದಿನಿಂದ ನುಸುಳಿ ಎಣ್ಣೆಯ ತೊಟ್ಟಿಯ ಕಡೆಗೆ ಇಳಿಯುತ್ತದೆ. ಅದು ಹೊರಹೋಗಲೆಂದೇ ಯಂತ್ರಕ್ಕೆ ಉಸಿರುಕೊಳವೆಗಳನ್ನು ಇಟ್ಟಿರುತ್ತಾರೆ. ಈ ಕೊಳವೆ ಕಟ್ಟಿಕೊಂಡರೆ ಅನಿಲ ಒಳಗೇ ಸೇರಿ ಎಣ್ಣೆಯನ್ನು ಸಂದುಗಳಿಂದ ಹೊರಕ್ಕೆ ನೂಕುವುದು. ಮುಚ್ಚಳವು 45 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲ ಇದೆಯೆಂದು ಇಟ್ಟುಕೊಳ್ಳಿ. ಅದರ ವಿಸ್ತೀರ್ಣ 540 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ 50 ಗ್ರಾಂ ಮಾತ್ರ ಹೆಚ್ಚಾದರೂ, ಮುಚ್ಚಳವನ್ನು 27 ಕಿಲೋಗ್ರಾಂ ಭಾರದಷ್ಟು ಬಲ ಮೇಲೆತ್ತುವುದು. ಬೆಂಡಿನ ಪಟ್ಟಿ ಇದಕ್ಕೆ ಎಷ್ಟು ದಿನ ತಡೆದೀತು?

ನಾವು ಉಸಿರುಕೊಳವೆಯನ್ನು ಬಿಚ್ಚಿ ಊದಿ ನೋಡಿದೆವು. ಗಾಳಿ ಹಾಯಲಿಲ್ಲ. ಒಳಗೆ ಕಡೆದ ಬೆಣ್ಣೆಯಂತಹ ಬೂದುಬಣ್ಣದ ಜಿಗುಟು ತುಂಬಿದ್ದಿತು. ಇದು ಎಲ್ಲಿಂದ ಬಂದಿತು? ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆಂಬುದು ಅನೇಕರಿಗೆ ತಿಳಿಯದು. ಅದರ ಬಹುಭಾಗ ಹೊಗೆಕೊಳವೆಯಿಂದ ಹೋದರೂ ಸ್ವಲ್ಪ ಎಣ್ಣೆಯ ಕಡೆಗೆ ನುಸುಳುತ್ತದೆ. ಯಂತ್ರ ಬಹಳ ಹೊತ್ತು ಬಿಸಿಯಾಗಿ ಓಡಿದರೆ ಈ ನೀರು ಆವಿಯಾಗಿ ಹೊರಟುಹೋಗುವುದು. ಆದರೆ ಆ ಕಾರು ತಿಂಗಳಿನ ಮಿಕ್ಕ ದಿನಗಳಲ್ಲಿ ಪೇಟೆಗೆ ಎರಡು ಮೂರು ಕಿಲೋಮೀಟರ್ ಹೋಗಿ ಬರುತ್ತಿದ್ದಿತು, ಅಷ್ಟೆ. ಯಂತ್ರ ಕಾಯುವುದರೊಳಗೆ ಪ್ರಯಾಣ ಮುಗಿಯುತ್ತಿದ್ದುದರಿಂದ ನೀರು ತಣ್ಣನೆಯ ಕೊಳವೆಯಲ್ಲಿ ಇಬ್ಬನಿಯಾಗಿ ಇಳಿದು, ಎಣ್ಣೆಯ ಮಂಜಿನೊಡನೆ ಕೂಡಿ, ಜಿಗುಟಾಗಿ ಕಟ್ಟಿಕೊಂಡಿತು. ತಿಂಗಳಿಗೊಮ್ಮೆ ಘಾಟಿ ಏರುವಾಗ ನುಸುಳುವ ಅನಿಲ ಹೆಚ್ಚಿ, ದಾರಿ ಕಾಣದೆ, ಎಣ್ಣೆಯನ್ನು ಹೊರದೂಡುತ್ತಿದ್ದಿತು. ಓಡುವಾಗ ಹೊಗೆಯನ್ನು ಗಾಳಿ ಹಿಂದಕ್ಕೆ ಒಯ್ಯುತ್ತಿದ್ದಿತು. ನಿಂತೊಡನೆ ಬೀಸಣಿಗೆಯೂ ಗಾಳಿಯೂ ನಿಂತು, ಬಿಸಿಗಾಳಿ ಮೇಲೆದ್ದು, ಮುಂಗಾಜಿನ ಕೆಳಗಿನ ಸಂದುಗಳಿಂದ ಒಳಸೇರುತ್ತಿದ್ದಿತು. ನಿಂತಾಗ ಮಾತ್ರ ವಾಸನೆ ಬರುವುದೇಕೆಂಬ ಮೊದಲ ಪ್ರಶ್ನೆಗೂ ಇಲ್ಲಿಯೇ ಉತ್ತರ ದೊರೆಯಿತು.

ಊಹೆಯನ್ನು ಪರೀಕ್ಷಿಸದೆ ಒಪ್ಪಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕೆಂಬುದು ಪ್ರಯೋಗದ ನಿಯಮ. ಆದುದರಿಂದ ಹಳೆಯ ಪಟ್ಟಿಗಳನ್ನು ಹಾಗೆಯೇ ಬಿಟ್ಟು ಕೊಳವೆಯನ್ನು ಮಾತ್ರ ಶುಚಿಗೊಳಿಸಿ ಮತ್ತೆ ಘಾಟಿ ಏರಿದೆವು. ಪುಡಿಯ ಮೇಲಿನ ಗೆರೆಗಳು ಬಹುಮಟ್ಟಿಗೆ ಕಡಮೆಯಾದವು, ಪೂರ್ತಿಯಾಗಿ ಹೋಗಲಿಲ್ಲ. ನೆನೆದು ಸವೆದ ಪಟ್ಟಿಗಳು ಅಷ್ಟರಮಟ್ಟಿಗೆ ಸೋತಿದ್ದವು. ಬಳಿಕ ಮೂರನ್ನೂ ಬದಲಾಯಿಸಿ, ತಿರುಪುಗಳನ್ನು ಹದವಾಗಿ ಬಿಗಿಸಿದ ಮೇಲೆ ಆಗುಂಬೆಯ ಮೇಲೆ ಕಾರು ನಿಂತಾಗ ಬಂದುದು ಕಾಡಿನ ಹಸಿಮಣ್ಣಿನ ವಾಸನೆ ಮಾತ್ರ. ಯಂತ್ರವನ್ನು ಬಿಚ್ಚಬೇಕಾಗಲಿಲ್ಲ. ಕಾರನ್ನು ಮಾರಬೇಕಾಗಲೂ ಇಲ್ಲ.

ಕೆಲವು ಎಚ್ಚರಿಕೆಗಳು

ಈ ವಾಸನೆಯನ್ನು ಕಡೆಗಣಿಸುವುದು ಅಪಾಯಕರ. ನಿಷ್ಕಾಸ ನಳಿಗೆಯ ಮೇಲೆ ಹೆಚ್ಚು ಎಣ್ಣೆ ಬಿದ್ದರೆ ಬೆಂಕಿಯೇ ಹೊತ್ತಬಹುದು. ಮುಂಭಾಗದಿಂದ ದಟ್ಟವಾದ ಹೊಗೆ ಬಂದರೆ ಕಾರನ್ನು ಬದಿಗೆ ನಿಲ್ಲಿಸಿ, ಯಂತ್ರವನ್ನು ಆರಿಸಿ, ಎಲ್ಲರನ್ನೂ ದೂರಕ್ಕೆ ಇಳಿಸಬೇಕು. ಮುಚ್ಚಳವನ್ನು ಥಟ್ಟನೆ ಪೂರ್ತಿ ತೆರೆದರೆ ಗಾಳಿ ನುಗ್ಗಿ ಬೆಂಕಿ ಭುಗಿಲೇಳುವುದು. ಉರಿಯುವ ಎಣ್ಣೆಗೆ ನೀರು ಸುರಿಯಬಾರದು; ಒಣಪುಡಿಯ ಆರಿಸುಗವೇ ಬೇಕು. ಸೀಮೆಎಣ್ಣೆಯ ಆವಿ 40 ಡಿಗ್ರಿಯ ಸುಮಾರಿನಲ್ಲಿಯೇ ಕಿಡಿಗೆ ಹೊತ್ತಬಲ್ಲುದು. ಬಿಸಿಯಾದ ಯಂತ್ರವನ್ನು ಅದರಿಂದ ತೊಳೆಯಬಾರದು. ಮುಚ್ಚಿದ ಕೊಟ್ಟಿಗೆಯಲ್ಲಿ ಯಂತ್ರವನ್ನು ಓಡಿಸಿ ವಾಸನೆ ಹುಡುಕಬಾರದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಅದು ಕೊಲ್ಲಬಲ್ಲುದು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಸುಳಲೂ ಬಾರದು.

ಈ ಕಾರಿನಲ್ಲಿ ಎರಡು ಸಲ ಬದಲಾದ ಬೆಂಡಿನ ಪಟ್ಟಿ ನಿಜವಾಗಿಯೂ ಸೋರುತ್ತಿದ್ದಿತು. ಅದನ್ನು ಬದಲಾಯಿಸಿದವನು ಕಂಡದ್ದು ಸುಳ್ಳಲ್ಲ. ಅದು ಏಕೆ ಸೋರುತ್ತಿದೆಯೆಂದು ಇನ್ನೊಂದು ಸಲ ಕೇಳಲಿಲ್ಲ, ಅಷ್ಟೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹಳೆಯ ಕಾರೊಂದಿದ್ದು, ಅದರ ಮೇಲಿನ ಮುಚ್ಚಳದ ಸುತ್ತ ಎಣ್ಣೆ ಒಸರುತ್ತಿದ್ದರೆ, ಹೊಸ ಪಟ್ಟಿಯನ್ನು ಕೊಳ್ಳುವ ಮೊದಲು ಉಸಿರುಕೊಳವೆಯನ್ನು ಬಿಚ್ಚಿ ಒಮ್ಮೆ ಊದಿ ನೋಡಿ.