ಮೂತ್ರಪಿಂಡ ಕೆಟ್ಟ ಸೈನಿಕನ ಪಿಂಚಣಿ

ಮಂಗೇಶಿ, ಕವಳೆಗಳ ದೇವಸ್ಥಾನಗಳಿಂದ ಫೋಂಡಾ ತಾಲೂಕು ನಮ್ಮಲ್ಲಿ ಅನೇಕರಿಗೆ ಪರಿಚಿತ. ಅಲ್ಲಿನ ಮಾಜಿ ಸೈನಿಕನ ಸಂಕಟವೂ ಇಲ್ಲಿಯವನದೂ ಒಂದೇ. ಸೇವೆಯಲ್ಲಿದ್ದಾಗಲೇ ಮೂತ್ರಪಿಂಡ ಕೆಟ್ಟಿದ್ದರೂ ‘ಸೇವೆಗೆ ಸಂಬಂಧವಿಲ್ಲ’ ಎಂಬ ಒಂದು ಸಾಲು ಅಂಗವೈಕಲ್ಯ ಪಿಂಚಣಿಯನ್ನು ತಪ್ಪಿಸೀತು.

2013ರ ಜುಲೈ 2ರಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇರೆಯೇ ಹೇಳಿತು. ಆತನದು ಮೂರ್ಛೆರೋಗ, ತತ್ತ್ವ ಮಾತ್ರ ಮೂತ್ರಪಿಂಡಕ್ಕೂ ಸಲ್ಲುವಂಥದು. ಭರ್ತಿಯಾಗುವಾಗ ದಾಖಲಾಗದ ಕಾಯಿಲೆಯಿಂದ ಸೇವೆ ಬಿಡಬೇಕಾಗಿ ಬಂದರೆ, ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು. ಅಲ್ಲವೆನ್ನುವ ವೈದ್ಯ ಮಂಡಳಿ ಕಾರಣ ಬರೆಯಬೇಕು. ಇದು 1982ರ ನಿಯಮಗಳ ಮೇಲಿನ ತೀರ್ಪು; 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ ಎಂಬುದನ್ನು ಮರೆಯಬಾರದು.

ಇಲಾಖೆಯ ಮೇಲ್ಮನವಿಯೂ ತಿರಸ್ಕೃತವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಫೋಂಡಾದವರಿಗೆ ಮುಂಬಯಿ ಪೀಠ, ನಮಗೆ ಕೊಚ್ಚಿ. ಅದಕ್ಕೆ ಮುಂಚೆ ಭರ್ತಿಯ ದಿನದ ವೈದ್ಯಕೀಯ ದಾಖಲೆಯ ನಕಲನ್ನು ರೆಕಾರ್ಡ್ ಆಫೀಸಿನಿಂದ ಕೇಳಿ ತರಿಸಿಕೊಳ್ಳಬೇಕು.